ಮೈಕ್ ಸೆಟ್ ಲಾಲ್‌ಸಾಬ್ ಮತ್ತು ಹಸಿರು ಗ್ಲೌಸಿನ ಹೆಂಗಸು

ಕೆರೆಬಿಳಚಿಯ ಲಾಲ್‌ಸಾಬ್ ಮೂವತ್ತೊಂದು ವರ್ಷ ಊರಿನವರ ಕಿವಿ ಹರಿದವನು. ಇದನ್ನು ಯಾರೋ ಆಗದವರು ಹೇಳಿದ ಮಾತೆಂದು ತಿಳಿಯಬೇಡಿ. ‘ಲಾಲ್‌ಸಾಬ್ ಸೌಂಡ್ಸ್’ ಎಂಬ ಬೋರ್ಡಿನ ಕೆಳಗೆ ‘ಮೂರು ಊರಿಗೆ ಕೇಳಿಸುತ್ತದೆ’ ಎಂದು ಕೆಂಪಕ್ಷರದಲ್ಲಿ ಅವನೇ ಬರೆಸಿದ್ದ. ಬರೆಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಿರಲಿ, ಉರುಸಿರಲಿ, ಗಣಪತಿ ಬಿಡುವುದಿರಲಿ, ಓಟಿನ ಭಾಷಣವಿರಲಿ, ಅವನ ಬಾಸ್ ಬಾಕ್ಸುಗಳು ಶುರುವಾದವೆಂದರೆ ಅಡಿಗೆಮನೆಯ ಲೋಟಗಳು ತಾವಾಗಿಯೇ ನಡೆದು ಕಟ್ಟೆಯ ಅಂಚಿಗೆ ಬರುತ್ತಿದ್ದವು. ಕಟ್ಟಿದ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ‘ನಿನ್ನ ಬಾಕ್ಸಿನ ಮುಂದೆ ಕೂತು ನನ್ನ ಕಿಡ್ನಿ ಕಲ್ಲು ತಾನೇ ಬಿದ್ದೋಯ್ತು ಮಾರಾಯ’ ಎಂದು ಒಬ್ಬ ಹೇಳಿದ್ದನ್ನು ಲಾಲ್‌ಸಾಬ್ ಸರ್ಟಿಫಿಕೇಟಿನಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ.

ಐವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ದಿನ ಅಂಗಡಿಯೊಳಗೆ ‘ಕೂಂಯ್’ ಎಂಬ ಸದ್ದು ಕೇಳಿಸತೊಡಗಿತು. ಯಾವುದೋ ಆಂಪ್ಲಿಫೈಯರ್ ಕೆಟ್ಟಿದೆ ಎಂದುಕೊಂಡ. ಒಂದೊಂದನ್ನೇ ಬಿಚ್ಚಿದ, ವೈರು ಬದಲಿಸಿದ, ಎರಡು ದಿನ ಸೋಲ್ಡರಿಂಗ್ ಹೊಗೆ ಕುಡಿದ. ಸದ್ದು ಹೋಗಲಿಲ್ಲ. ಕೊನೆಗೆ ರೋಸಿ ಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿದ. ಆಗಲೂ ಕೂಂಯ್. ಕತ್ತಲಾದ ಅಂಗಡಿಯ ನಡುವೆ ಟೆಸ್ಟರ್ ಹಿಡಿದು ನಿಂತವನಿಗೆ, ಕೆಟ್ಟಿರುವುದು ಮಷೀನಲ್ಲ, ತನ್ನ ತಲೆ ಎಂಬುದು ನಿಧಾನಕ್ಕೆ ಹೊಳೆಯಿತು.

ದಾವಣಗೆರೆಯ ಕಿವಿ ಡಾಕ್ಟರು ಅವನನ್ನು ಗಾಜಿನ ಡಬ್ಬಿಯಂಥ ಕೋಣೆಯಲ್ಲಿ ಕೂರಿಸಿ, ಏನೇನೋ ಕೇಳಿಸಿ, ಒಂದು ಕಾಗದದ ಮೇಲೆ ಗೆರೆ ಎಳೆದರು. ಗೆರೆ ಬಲಗಡೆಗೆ ಹೋಗುತ್ತಾ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು.

“ಸಣ್ಣ ಸಣ್ಣ ಶಬ್ದ ಕೇಳೋ ನರಗಳು ಸವೆದು ಹೋಗಿವೆ. ಈ ಕೂಗು ಪೂರ್ತಿ ಹೋಗಲ್ಲ, ಅಭ್ಯಾಸ ಮಾಡ್ಕೋಬೇಕು. ಮೆತ್ತಗೆ ಏನಾದರೂ ಹಾಕ್ಕೊಂಡು ಕೇಳ್ತಾ ಇರಿ. ಅದರ ಹಿಂದೆ ಇದು ಮರೆಯಾಗುತ್ತೆ” ಎಂದರು.

ಲಾಲ್‌ಸಾಬ್ ಗಂಭೀರವಾಗಿ ಕೇಳಿದ: “ಮೆತ್ತಗೆ ಅಂದ್ರೆ ಎಷ್ಟು ವ್ಯಾಟ್ಸು ಡಾಕ್ಟ್ರೇ?”

ಡಾಕ್ಟರು ಮುಂದಿನ ಪೇಷಂಟನ್ನು ಕರೆದರು.

ಹೊನ್ನಾಳಿಯಲ್ಲಿ ಹೈಸ್ಕೂಲ್ ಮೇಡಂ ಆಗಿರುವ ಮಗಳು ಗೌಸಿಯಾ ವಿಷಯ ತಿಳಿದು ಫೋನಿಗೆ ಮೂರು ವಿಡಿಯೋ ಕಳಿಸಿದಳು. ಮೊದಲನೆಯದು ಮಳೆಯದು. ಲಾಲ್‌ಸಾಬನಿಗೆ ಮಳೆಯೆಂದರೆ ನೆಮ್ಮದಿಯಲ್ಲ. ತೆರೆದ ಬಯಲಿನಲ್ಲಿ ಹದಿನಾರು ಬಾಕ್ಸು ಜೋಡಿಸಿಟ್ಟು ಟಾರ್ಪಾಲು ಎಲ್ಲೆಂದು ಹುಡುಕುವವನಿಗೆ ಮಳೆ ಎಂಥ ನೆಮ್ಮದಿ ಕೊಟ್ಟೀತು? ಎರಡು ನಿಮಿಷಕ್ಕೆ ಮುಚ್ಚಿದ. ಎರಡನೆಯದು ಸಮುದ್ರ. ಅದನ್ನು ಅವನು ನೋಡಿಯೇ ಇರಲಿಲ್ಲ. ನೀರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ, ಮಾಡುವುದಕ್ಕೆ ಬೇರೆ ಕೆಲಸವೇ ಇಲ್ಲದಂತೆ. ಅದನ್ನೂ ಮುಚ್ಚಿದ.

ಮೂರನೆಯದರಲ್ಲಿ ಹಸಿರು ಗ್ಲೌಸು ಹಾಕಿದ ಎರಡು ಕೈಗಳಿದ್ದವು. ಯಾವುದೋ ತಂಪು ದೇಶದ ಹೆಂಗಸು. ಮುಖವಿಲ್ಲ, ಮಾತಿಲ್ಲ, ಹಿಂದೆ ಸಂಗೀತವಿಲ್ಲ. ಕತ್ತರಿ ‘ಕಚಕ್’ ಎಂದು ಒಣ ಕಡ್ಡಿ ಕತ್ತರಿಸಿತು. ಸಣ್ಣ ಸಲಿಕೆ ಮಣ್ಣಿಗಿಳಿಯಿತು, ಯಾರೋ ಪಕ್ಕದಲ್ಲಿ ಕೂತು ರಸ್ಕ್ ಕಡಿದಂತೆ. ಬೆರಳುಗಳು ಬೇರನ್ನು ಬಿಡಿಸಿದವು, ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕೇಳಿಸಿತು. ಗಿಡ ನೆಟ್ಟು, ಸುತ್ತ ಮಣ್ಣು ತಟ್ಟಿ, ಜರಡಿ ಮೂತಿಯ ಕ್ಯಾನಿನಿಂದ ನೀರು ಬಿಟ್ಟಳು. ವಿಡಿಯೋ ಮುಗಿದಾಗ ಮುಂದಿಟ್ಟುಕೊಂಡಿದ್ದ ಟೀ ಕೆನೆಗಟ್ಟಿತ್ತು. ನಲವತ್ತೆರಡು ನಿಮಿಷ ಕಳೆದಿತ್ತು. ಅಷ್ಟು ಹೊತ್ತು ಕೂಂಯ್ ಎನ್ನುವವನು ಎಲ್ಲೋ ಎದ್ದು ಹೋಗಿದ್ದ.

ಲಾಲ್‌ಸಾಬ್ ಕಸುಬುದಾರ. ಆರಾಮವೆನಿಸಿದ ಮೇಲೆ ಅವನ ತಲೆಯಲ್ಲಿ ಎದ್ದ ಮೊದಲ ಪ್ರಶ್ನೆ, ಈ ಹೆಂಗಸು ಮೈಕನ್ನು ಎಲ್ಲಿ ಇಟ್ಟಿದ್ದಾಳೆ ಎಂಬುದು. ಮತ್ತೊಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ತಾನು ಇಷ್ಟು ವರ್ಷ ಶಬ್ದವನ್ನು ದೊಡ್ಡದು ಮಾಡುತ್ತ ಬಂದೆ, ಇವಳು ಹತ್ತಿರ ಮಾಡುತ್ತಿದ್ದಾಳೆ ಎಂದು ಅವನಿಗೆ ಅನಿಸಿತು. ಯಾರಿಗಾದರೂ ಹೇಳಬೇಕೆನಿಸಿತು. ಹೇಳಿದ್ದರೆ ಊರಿನವರು ತಲೆ ಕೆಟ್ಟಿದೆ ಎನ್ನುತ್ತಿದ್ದರು. ವಿಡಿಯೋವನ್ನು ಮತ್ತೆ ಹಚ್ಚಿದ.

ಆಮೇಲೆ ಅದೊಂದು ಚಟವಾಯಿತು. ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು ಕೂತನೆಂದರೆ ಗಿರಾಕಿಗಳು ಬಂದು ಭುಜ ಅಲ್ಲಾಡಿಸಬೇಕಿತ್ತು. ಹಸಿರು ಗ್ಲೌಸಿನವಳು ಯಾವ ದಿನ ಟೊಮ್ಯಾಟೊ ನೆಟ್ಟಳು, ಯಾವ ದಿನ ಗುಲಾಬಿ ಸವರಿದಳು ಎಲ್ಲಾ ಅವನಿಗೆ ಬಾಯಿಪಾಠವಾಯಿತು. ಈ ನಗುವನ್ನು ಮೊದಲು ಕಂಡವರು ಪಕ್ಕದ ಮನೆಯ ಸಾವಂತ್ರಮ್ಮ. ಕಂಡಿದ್ದನ್ನು ಸಂಜೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅವರಲ್ಲ.

“ನಜೀರಾ, ನಿಮ್ಮ ಯಜಮಾನ್ರು ಅಂಗಡ್ಯಾಗೆ ಫೋನ್ ಮುಂದಿಟ್ಕಂಡು ಕಣ್ ಮುಚ್ಕಂಡು ನಗ್ತಿರ್ತಾರೆ ಕಣವ್ವ. ನಂಗ್ಯಾಕೋ ಸರಿ ಕಾಣ್ಲಿಲ್ಲ.”

ನಜೀರಾ ಅಂದು ಬುತ್ತಿ ಡಬ್ಬಿಯನ್ನು ತಾನೇ ಹಿಡಿದು ಅಂಗಡಿಗೆ ಹೊರಟಳು. ಬಾಗಿಲಿಂದ ಸದ್ದಿಲ್ಲದೆ ಒಳಗೆ ಬಂದು ಗಂಡನ ಬೆನ್ನ ಹಿಂದೆ ನಿಂತಳು. ಸ್ಕ್ರೀನಿನಲ್ಲಿ ಎರಡು ಕೈ ಒಂದು ಸಸಿಯ ಬುಡವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತುತ್ತಿದ್ದವು. ಗಂಡ ಉಸಿರು ಬಿಟ್ಟ. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅಂಥ ಉಸಿರನ್ನು ಅವಳು ಅವನಿಂದ ಕೇಳಿರಲಿಲ್ಲ. ಹೆಡ್‌ಫೋನ್ ಕಿತ್ತಳು.

ಮನೆಯಲ್ಲಿ ಉರ್ದು ಆಡುವ ಈ ಗಂಡ ಹೆಂಡತಿ ಜಗಳಕ್ಕೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಬೈಯುವುದಕ್ಕೆ ಅದರಷ್ಟು ಅನುಕೂಲ ಬೇರೆಯದರಲ್ಲಿ ಇಲ್ಲವೆಂಬುದು ಇಬ್ಬರ ಒಮ್ಮತ.

“ಯಾರ್ರೀ ಇವಳು?”

“ಯಾರಿಗ್ಗೊತ್ತು? ಮಖಾನೇ ತೋರ್ಸಲ್ಲ.”

“ಓಹೋ! ಮಖ ನೋಡೋ ಆಸೆ ಬೇರೆ ಐತಾ?”

“ಅಯ್ಯ, ಗಿಡ ಹಾಕ್ತಾಳೆ ಅಷ್ಟೇ. ಕಿವಿಗೆ ಆರಾಮ ಆಗ್ತೈತೆ. ಡಾಕ್ಟ್ರೇ ಹೇಳಿದ್ದು.”

“ಡಾಕ್ಟ್ರು ಇವಳ ಹೆಸರು ಬರೆದುಕೊಟ್ರಾ? ಚೀಟಿ ತೋರ್ಸಿ.”

ಲಾಲ್‌ಸಾಬ್ ಚೀಟಿ ತೋರಿಸಲಾಗದೆ ಹೆಡ್‌ಫೋನನ್ನೇ ಅವಳ ತಲೆಗೆ ಏರಿಸಿದ. ನಜೀರಾ ಹತ್ತು ನಿಮಿಷ ನೋಡಿದಳು. ಅವಳ ಮುಖದಲ್ಲಿ ಅಸೂಯೆ ಇಳಿದು ಅದರ ಜಾಗಕ್ಕೆ ತಿರಸ್ಕಾರ ಬಂತು.

“ಸಸೀನ ಹಿಂಗಾ ನೆಡೋದು? ಎರಡು ದಿನಕ್ಕೆ ಕೊಳೀತದೆ. ಗ್ಲೌಸ್ ಬೇರೆ. ಮಣ್ಣು ಮುಟ್ಟಾಕೆ ಹೇಸೋಳು ಮೇಣದ ಹೂವು ಇಟ್ಕಳ್ಳಿ. ಇಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಹಿತ್ಲಾಗೆ ಕೊತ್ತಂಬರಿ, ಮೆಂತ್ಯ, ಪುದೀನ ಅಂತ ಸಾಯ್ತಿದೀನಿ. ಒಂದಿನ ಬಂದು ನೋಡಿದೀರಾ?”

“ಬಂದಿದ್ನಲ್ಲ, ಜನರೇಟರ್ ಇಡಾಕೆ.”

“ಹೂಂ, ಬಂದಿದ್ರಿ. ಡೀಸೆಲ್ ಚೆಲ್ಲಿ ಪುದೀನ ಎಲ್ಲಾ ಸುಟ್ಟೋಯ್ತು” ಎಂದು ಬುತ್ತಿ ಡಬ್ಬಿಯನ್ನು ಆಂಪ್ಲಿಫೈಯರ್ ಮೇಲೆ ಕುಕ್ಕಿ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಲಾಲ್‌ಸಾಬನ ಕಥೆ ಹೇಳುವಂಥದ್ದೇನೂ ಆಗುತ್ತಿರಲಿಲ್ಲ. ಸೂಳೆಕೆರೆ ಕಡೆಯ ಒಂದು ಹಳ್ಳಿಯಲ್ಲಿ ಪಕ್ಷವೊಂದರ ಸಭೆ ಏರ್ಪಾಡಾಯಿತು. ಪಕ್ಷದ ಹೆಸರು ಬೇಡ, ಇವತ್ತು ಒಂದಿದ್ದದ್ದು ನಾಳೆ ಇನ್ನೊಂದಾಗಿರುತ್ತದೆ. ಮೈಕ್ ಸೆಟ್ ಲಾಲ್‌ಸಾಬನದು, ಉಸ್ತುವಾರಿ ಪಕ್ಷದ ಕಾರ್ಯಕರ್ತ ಗುರುಬಸವರಾಜನದು. ಬಿಳಿ ಅಂಗಿ, ಎರಡು ಫೋನು, ಯಾವಾಗಲೂ ಯಾರಿಗೋ ‘ಬಂದ್ರು ಬಂದ್ರು, ಇನ್ನೈದು ನಿಮಿಷ’ ಎನ್ನುವ ಕೆಲಸ. ದೊಡ್ಡ ನಾಯಕರು ಹನ್ನೊಂದಕ್ಕೆ ಬರಬೇಕಿತ್ತು. ಒಂದಾಯಿತು, ಎರಡಾಯಿತು. ಜನ ಎದ್ದು ಹೋಗದಿರಲೆಂದು ಗುರುಬಸವರಾಜ ಮೊದಲು ಟೀ ಕೊಡಿಸಿದ, ಆಮೇಲೆ ಮಜ್ಜಿಗೆ, ಆಮೇಲೆ ಶರಬತ್ತು, ಆಮೇಲೆ ಉಳಿದ ಮಜ್ಜಿಗೆಯನ್ನು ಇನ್ನೊಂದು ಸುತ್ತು.

“ಸಾಬ್ರೇ, ಹಾಡು ನಿಲ್ಸಿ. ಸಾಹೇಬ್ರು ಚನ್ನಗಿರಿ ದಾಟಿದ್ರಂತೆ” ಎಂದ.

ಲಾಲ್‌ಸಾಬ್ ಹಾಡು ನಿಲ್ಲಿಸಿದ. ಚನ್ನಗಿರಿ ದಾಟುವುದಕ್ಕೆ ನಾಯಕರಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವನಿಗೆ ಅನುಭವದಿಂದ ಗೊತ್ತಿತ್ತು. ವೇದಿಕೆಯ ಹಿಂದೆ ಕುರ್ಚಿ ಎಳೆದುಕೊಂಡು, ಹೆಡ್‌ಫೋನ್ ಹಾಕಿ, ಹಸಿರು ಗ್ಲೌಸಿನವಳ ಹೊಸ ವಿಡಿಯೋ ಹಚ್ಚಿ ಕಣ್ಣು ಮುಚ್ಚಿದ. ಹೆಡ್‌ಫೋನಿನ ಚಾರ್ಜು ಮುಗಿದಿತ್ತೆಂಬುದನ್ನು ಅವನು ನೋಡಲಿಲ್ಲ. ಫೋನು ಹಾಡು ಹಾಕಲು ಬೆಳಗ್ಗೆಯೇ ಬ್ಲೂಟೂತಿನಲ್ಲಿ ಬಾಕ್ಸುಗಳ ಮಿಕ್ಸರಿಗೆ ಕೂಡಿಕೊಂಡಿದ್ದು, ಈಗಲೂ ಕೂಡಿಕೊಂಡೇ ಇತ್ತು.

‘ಇವತ್ತು ಎಷ್ಟು ಚೆನ್ನಾಗಿ ಕೇಳ್ತೈತೆ’ ಎಂದುಕೊಂಡ ಲಾಲ್‌ಸಾಬ್. ಕೇಳದೇ ಇರುತ್ತದೆಯೆ? ಹದಿನಾರು ಬಾಕ್ಸಿನಿಂದ ಬರುತ್ತಿತ್ತು.

ಮೊದಲ ‘ಕಚಕ್’ ಬಂದಾಗ ಮುಂದಿನ ಸಾಲಿನವರು ಕತ್ತು ಮುಟ್ಟಿ ನೋಡಿಕೊಂಡರು. ಎರಡನೆಯದಕ್ಕೆ ಎಲ್ಲರೂ ಹಿಂದೆ ತಿರುಗಿದರು. ಆಮೇಲೆ ಸಲಿಕೆ ಮಣ್ಣಿಗಿಳಿಯಿತು. ಬಿಸಿಲಿಗೆ ಕಂಗಾಲಾಗಿದ್ದ ಜನ ಅದೇನೆಂದು ತಿಳಿಯದಿದ್ದರೂ ಸುಮ್ಮನಾದರು. ಅಳುತ್ತಿದ್ದ ಕೂಸುಗಳು ಬಾಯಿ ಮುಚ್ಚಿದವು. ಬೆಳಗ್ಗೆಯಿಂದ ಕುರ್ಚಿಗಾಗಿ ಜಗಳವಾಡಿದ್ದ ಮುದುಕ ದುರುಗಣ್ಣ ತಲೆ ಹಿಂದಕ್ಕೆ ಚೆಲ್ಲಿ ಗೊರಕೆ ಹೊಡೆಯತೊಡಗಿದ. ಹತ್ತು ನಿಮಿಷ ಆ ಬಯಲಿನಲ್ಲಿ ಇದ್ದಂಥ ಶಾಂತಿ ಯಾವ ರಾಜಕೀಯ ಸಭೆಯಲ್ಲೂ ಇದ್ದಿರಲಾರದು. ಗುರುಬಸವರಾಜನೂ ಕಂಬಕ್ಕೆ ಒರಗಿ, ಎರಡೂ ಫೋನನ್ನು ಕೈಯಲ್ಲಿ ಜೋತುಬಿಟ್ಟುಕೊಂಡು, ಬಾಯಿ ತೆರೆದು ನಿಂತಿದ್ದ.

ಆಮೇಲೆ ಹೆಂಗಸು ಕ್ಯಾನು ಎತ್ತಿಕೊಂಡಳು.

ನೀರು ಮೊದಲು ಸಣ್ಣಗೆ ಬಿತ್ತು. ಚುರ್ರ್... ನಿಂತಿತು. ಮತ್ತೆ ಚುರ್ರ್... ಮೂರನೇ ಸಾಲಿನಲ್ಲಿದ್ದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಸೊಂಟದ ಮೇಲೆ ಕೈಯಿಟ್ಟು ಎದ್ದರು. ಅವರ ಹಿಂದೆ ಇಬ್ಬರು. ಅವಳು ಕ್ಯಾನನ್ನು ಪೂರ್ತಿ ಬಗ್ಗಿಸಿದಳು. ಜುಳು ಜುಳು ಎಂದು ಹದಿನಾರು ಬಾಕ್ಸಿನಿಂದ ಧಾರೆ ಇಳಿಯಿತು. ಮೂರು ತಾಸು ಟೀ, ಮಜ್ಜಿಗೆ, ಶರಬತ್ತು ಕುಡಿದು ಕೂತಿದ್ದ ಜನ, ಅವರೂ ಮನುಷ್ಯರೇ. ಸಾಲು ಸಾಲೇ ಎದ್ದಿತು. ಹೆಂಗಸರು ಶಾಲೆಯ ಕಡೆ ಓಡಿದರು, ಗಂಡಸರು ಕಾಲುವೆ ಏರಿಯ ಕಡೆ. ದುರುಗಣ್ಣ ಕೂಡ ನಿದ್ದೆಯಲ್ಲೇ ಎದ್ದು ನಡೆದನೆಂದು ನೋಡಿದವರು ಹೇಳುತ್ತಾರೆ.

ನಾಯಕರ ಕಾರುಗಳು ಬಂದದ್ದು ಆ ಗಳಿಗೆಯಲ್ಲಿ. ಕಾಲುವೆ ಏರಿಯ ಉದ್ದಕ್ಕೂ ಜನ ಶಿಸ್ತಿನಿಂದ ಸಾಲುಗಟ್ಟಿ ನಿಂತಿರುವುದು ಕಂಡಿತು. ಸ್ವಾಗತಕ್ಕೆ ನಿಂತಿದ್ದಾರೆಂದು ನಾಯಕರು ಕಿಟಕಿ ಇಳಿಸಿ, ಕೈ ಹೊರಗೆ ಚಾಚಿ, ಬೀಸಿದರು. ಆ ಸ್ಥಿತಿಯಲ್ಲಿ ಯಾರೂ ತಿರುಗಿ ಕೈ ಬೀಸುವಂತಿರಲಿಲ್ಲ. ಕಾರು ಇನ್ನಷ್ಟು ಹತ್ತಿರ ಬಂದ ಮೇಲೆ ನಾಯಕರು ಕಿಟಕಿ ಏರಿಸಿಕೊಂಡರು.

ಗುರುಬಸವರಾಜ ಓಡಿ ಬಂದು ಲಾಲ್‌ಸಾಬನ ಹೆಡ್‌ಫೋನ್ ಕಿತ್ತು ಎಸೆದ.

“ಏನ್ರೀ ಸಾಬ್ರೇ ಇದು! ಯಾರು ಹೇಳಿ ಮಾಡ್ಸಿದ್ರು ನಿಮ್ಗೆ? ಆ ಪಾರ್ಟಿಯೋರಾ?”

“ಯಾವ ಪಾರ್ಟಿ? ಏನಾತು?” ಲಾಲ್‌ಸಾಬ್ ಎದ್ದು ನೋಡಿದ. ಬಯಲಿನ ತುಂಬ ಖಾಲಿ ಕುರ್ಚಿ. ಹೆಡ್‌ಫೋನ್ ತಲೆಯ ಮೇಲಿಲ್ಲ, ನೀರು ಮಾತ್ರ ಬೀಳುತ್ತಲೇ ಇದೆ. ಧಡಕ್ಕನೆ ಮಿಕ್ಸರ್ ಆರಿಸಿದ. “ಒಬ್ಬಳು ಹೆಂಗಸು ಗುರಣ್ಣ... ಗಿಡಕ್ಕೆ ನೀರು ಹಾಕ್ತಾಳೆ...”

“ಹೆಂಗಸಿನ ಹೆಸರು ಹೇಳ್ರೀ! ಯಾವ ಊರೋಳು?”

ಯಾರೋ ಅದೆಲ್ಲವನ್ನೂ ವಿಡಿಯೋ ಮಾಡಿದ್ದರು. ಸಂಜೆಯೊಳಗೆ ಅದು ನ್ಯಾಮತಿ, ಜಗಳೂರುಗಳನ್ನು ದಾಟಿತು. ‘ಮೂರು ಊರಿಗೆ ಕೇಳಿಸುತ್ತದೆ’ ಎಂಬ ಬೋರ್ಡಿನ ಫೋಟೋದ ಕೆಳಗೆ ಜನ ಏನೇನು ಬರೆದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ. ಲಾಲ್‌ಸಾಬ್ ಟೀ ಅಂಗಡಿಗೆ ಹೋದರೆ ಯಾರೋ ಒಬ್ಬ ಲೋಟದಿಂದ ಲೋಟಕ್ಕೆ ನಿಧಾನವಾಗಿ ನೀರು ಸುರಿಯುತ್ತಿದ್ದ.

ನಜೀರಾ ವಿಡಿಯೋ ನೋಡಿದವಳು ಗೋಡೆ ಹಿಡಿದುಕೊಂಡು ನಕ್ಕಳು. ಸೆರಗು ಬಾಯಿಗೆ ತುಂಬಿಕೊಂಡು ನಕ್ಕಳು. ಕುಳಿತು ನಕ್ಕಳು. ಲಾಲ್‌ಸಾಬನಿಗೆ ಊರು ನಕ್ಕಿದ್ದಕ್ಕಿಂತ ಇದೇ ಹೆಚ್ಚು ಚುಚ್ಚಿತು. ಹೆಡ್‌ಫೋನನ್ನು ಬೀರುವಿನೊಳಗೆ ಎಸೆದು ಬೀಗ ಹಾಕಿದ. ಇನ್ನು ಗಿಡವೂ ಬೇಡ, ನೀರೂ ಬೇಡ. ಕೂಂಯ್ ಎನ್ನುವವನು ಇದಕ್ಕೇ ಕಾದಿದ್ದವನಂತೆ ವಾಪಸು ಬಂದ, ಈ ಸಲ ಸಂಸಾರ ಸಮೇತ. ಮೂರು ದಿನ ಲಾಲ್‌ಸಾಬ್ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದ. ಊಟಕ್ಕೆ ಕರೆದರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದ.

ನಾಲ್ಕನೇ ದಿನ ಬೆಳಗ್ಗೆ ನಜೀರಾ ಕಳೆ ತೆಗೆಯುವ ಕುರ್ಪಿ ಹಿಡಿದು ಬಂದು ಮುಂದೆ ನಿಂತಳು. “ಏಳ್ರಿ. ಹಿತ್ಲಿಗೆ ಬರ್ರಿ. ಪರದೇಶದೋಳ ಕೈಯಾಗೆ ಇರೋದು ನನ್ನ ಕೈಯಾಗೆ ಇಲ್ಲ ಅಂದ್ಕಂಡ್ರಾ?”

ಹಿತ್ತಲು ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಕೊತ್ತಂಬರಿಯ ಎರಡು ಪಾತಿ, ಮೆಂತ್ಯದ್ದು ಮೂರು, ತೊಂಡೆಯ ಚಪ್ಪರ, ಮೂಲೆಯಲ್ಲಿ ಕನಕಾಂಬರ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ ನಜೀರಾ ಕಳೆ ತೆಗೆಯತೊಡಗಿದಳು. ಲಾಲ್‌ಸಾಬ್ ಕಾದ. ಕುರ್ಪಿ ಮಣ್ಣಿಗಿಳಿಯುತ್ತಿತ್ತು, ಏಳುತ್ತಿತ್ತು. ಬೇರು ಕಿತ್ತು ಬರುತ್ತಿತ್ತು. ಎಲ್ಲಾ ಕಾಣಿಸುತ್ತಿತ್ತು. ಏನೂ ಕೇಳಿಸುತ್ತಿರಲಿಲ್ಲ. ಕೆಳಗಿಳಿದು ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಮೊಣಕಾಲೂರಿ, ನಾಚಿಕೆ ಬಿಟ್ಟು, ಪಾತಿಯ ಅಂಚಿಗೆ ಕಿವಿ ಇಟ್ಟ. ಕೂಂಯ್ ಬಿಟ್ಟರೆ ಬೇರೇನಿಲ್ಲ. ಡಾಕ್ಟರು ಎಳೆದ ಗೆರೆ ಬಾವಿಗೆ ಬಿದ್ದದ್ದು ಎಲ್ಲಿ ಎಂದು ಅವನಿಗೆ ಈಗ ಅರ್ಥವಾಯಿತು.

ಕೆನ್ನೆಗೆ ಮಣ್ಣು ಮೆತ್ತಿಕೊಂಡೇ ಹೇಳಿದ: “ನಂಗೆ ಏನೂ ಕೇಳಲ್ಲ ನಜೀರಾ. ವಿಡಿಯೋದಾಗೆ ದೊಡ್ಡದು ಮಾಡಿರ್ತಾರೆ, ಅದಕ್ಕೆ ಕೇಳ್ತೈತೆ. ಇದು ಕೇಳಲ್ಲ.”

ನಜೀರಾ ಒಂದು ಗಳಿಗೆ ಕುರ್ಪಿ ನಿಲ್ಲಿಸಿದಳು. ಆಮೇಲೆ ರೇಗಿದಳು. “ಮೈಕಿನ ಅಂಗಡಿ ಇಟ್ಕಂಡೋರು ಕೇಳಲ್ಲ ಅಂತ ಅಳ್ತೀರಲ್ರೀ! ಊರಿನ ಮಂದಿ ಕೆಮ್ಮಿದ್ದೆಲ್ಲಾ ದೊಡ್ಡದು ಮಾಡಿದ್ರಿ. ಒಂದು ಮೈಕ್ ತಂದು ಇಲ್ಲಿಡಾಕೆ ಏನು ಧಾಡಿ?”

ಲಾಲ್‌ಸಾಬ್ ಅವಳನ್ನೇ ನೋಡಿದ. ಎದ್ದ. ಅಂಗಡಿಗೆ ಓಡಿದ. ಭಾಷಣದವರ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು, ಒಂದು ಪುಟ್ಟ ಮಿಕ್ಸರ್ ತಂದ. ಬೀರುವಿನ ಬೀಗ ತೆಗೆದು ಹೆಡ್‌ಫೋನ್ ಹುಡುಕಿ ತೆಗೆದು, ಈ ಸಲ ವೈರು ಚುಚ್ಚಿದ. ಗಾಳಿಯ ಸದ್ದು ಬಾರದಿರಲೆಂದು ಮೈಕಿಗೆ ತನ್ನ ಹಳೇ ಕಾಲುಚೀಲ ತೊಡಿಸಿ, ಕಡ್ಡಿಗೆ ಕಟ್ಟಿ ಕೊತ್ತಂಬರಿಯ ನಡುವೆ ನೆಟ್ಟ.

ಕುರ್ಪಿ ಇಳಿಯಿತು. ಕರ್ರ್. ಲಾಲ್‌ಸಾಬನ ಬೆನ್ನು ನೆಟ್ಟಗಾಯಿತು. ಬೇರು ಪಟಪಟ ಹರಿಯಿತು. ಬಳೆ ಸರಿಯಿತು. ಮಣ್ಣುಹೆಂಟೆ ಅವಳ ಬೆರಳಿನ ನಡುವೆ ಪುಡಿಯಾಯಿತು. ಕೂಂಯ್ ಎನ್ನುವವನು ಮೆಲ್ಲಗೆ ಹಿಂದೆ ಸರಿದ. ಜೊತೆಗೆ ಇನ್ನೊಂದು ಸದ್ದು ಕೇಳಿಸಿತು. ಪಿಸುಪಿಸು. ನಜೀರಾ ಮಾತಾಡುತ್ತಿದ್ದಳು, ಅವನ ಜೊತೆಯಲ್ಲ, ಕೊತ್ತಂಬರಿಯ ಜೊತೆ. ಬೀಜ ಕೊಟ್ಟು ಸೊಪ್ಪು ಹಾಕುವುದನ್ನು ಕಲಿಸಿದವರು ಸಾವಂತ್ರಮ್ಮನಾದ್ದರಿಂದ ಗಿಡಗಳೊಂದಿಗೆ ಅವಳ ಮಾತು ಕನ್ನಡದಲ್ಲೇ.

“...ಬಂದ ನೋಡು ಈಗ, ಕಿವಿ ಹೋದಮ್ಯಾಲೆ. ಜನರೇಟರ್ ಇಟ್ಟೋನು. ಇಷ್ಟು ವರ್ಷ ಇವನ ಬಾಕ್ಸಿನ ಗದ್ದಲದಾಗೆ ನಾನು ಕರೆದದ್ದು ಎಂದಾದ್ರೂ ಕೇಳೈತಾ ಇವನಿಗೆ? ಮೂರು ದಿನ ಉಂಡಿಲ್ಲ, ಮೂಳೆ ಕಾಣ್ತಾವೆ. ನಗಬಾರ್ದಿತ್ತು ನಾನು. ಏನ್ಮಾಡಲಿ, ನಗು ಬಂತು. ಆ ಕೈ ಬೀಸಿದ್ದು ನೆನೆಸ್ಕಂಡ್ರೆ ಈಗ್ಲೂ...” ಎಂದು ಮೈಕಿನ ಪಕ್ಕದಲ್ಲೇ ಕಿಸಕ್ಕನೆ ನಕ್ಕಳು.

ಲಾಲ್‌ಸಾಬ್ ಕಣ್ಣು ಮುಚ್ಚಿಕೊಂಡು ಕೇಳುತ್ತಲೇ ಕೂತ. ಮೈಕ್ ಆನ್ ಐತೆ ಎಂದು ಕೂಗಬೇಕಿತ್ತು. ಮೂವತ್ತೊಂದು ವರ್ಷ ಎಷ್ಟು ಜನಕ್ಕೆ ಹಾಗೆ ಎಚ್ಚರಿಸಿದ್ದ. ಈ ಸಲ ಎಚ್ಚರಿಸಲಿಲ್ಲ.

ಪಾತಿ ಮುಗಿದ ಮೇಲೆ ನಜೀರಾ ತಾನೂ ಕೇಳುತ್ತೇನೆಂದು ಹೆಡ್‌ಫೋನ್ ತೆಗೆದುಕೊಂಡಳು. ಲಾಲ್‌ಸಾಬ್ ಸೊಪ್ಪಿನ ಮೇಲೆ ಮೆಲ್ಲಗೆ ಕೈಯಾಡಿಸಿದ. ಅವಳ ಕಣ್ಣು ಅಗಲವಾಯಿತು. “ಯಾ ಅಲ್ಲಾ! ಇದು ನನ್ನ ಕೊತ್ತಂಬರೀನಾ?” ಎಂದಳು. ಮತ್ತೊಮ್ಮೆ ಆಡಿಸಿ ಎಂದು ಸನ್ನೆ ಮಾಡಿದಳು. ಹಾಗೇ ಕೂತವಳಿಗೆ ಏನೋ ಹೊಳೆದು ಹೆಡ್‌ಫೋನ್ ಸರಕ್ಕನೆ ಇಳಿಸಿದಳು.

“ನಾನು ಮಾತಾಡಿದ್ದೂ ಕೇಳ್ತಾ ನಿಮ್ಗೆ?”

“ಮಾತಾಡಿದ್ಯಾ? ಯಾವಾಗ?” ಎಂದ ಲಾಲ್‌ಸಾಬ್. “ನಂಗೆ ಕುರ್ಪಿ ಸದ್ದು ಅಷ್ಟೇ ಕೇಳ್ತು.”

ಅವಳು ಹೆಡ್‌ಫೋನನ್ನು ಅವನ ತಲೆಗೆ ವಾಪಸು ಏರಿಸಿದಳು. ನಂಬಿದಳೋ ಬಿಟ್ಟಳೋ ತಿಳಿಯಲಿಲ್ಲ. ಮರುದಿನವೂ ಅವನನ್ನು ಹಿತ್ತಲಿಗೆ ಕರೆದಳು, ಮರುದಿನವೂ ಪಿಸುಗುಟ್ಟಿದಳು.

ಲಾಲ್‌ಸಾಬ್ ಈಗಲೂ ಮೈಕ್ ಸೆಟ್ ಹಾಕುತ್ತಾನೆ. ಗುರುಬಸವರಾಜನೂ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂದ. ಅಷ್ಟು ದೂರ ಕೇಳುವ ಬಾಕ್ಸು ಆ ಸುತ್ತಿನಲ್ಲಿ ಬೇರೆಯವರಲ್ಲಿ ಇಲ್ಲ. ಲಾಲ್‌ಸಾಬನ ಫೋನು ಮಾತ್ರ ಸಭೆ ಮುಗಿಯುವವರೆಗೆ ತನ್ನ ಜೇಬಿನಲ್ಲಿರಬೇಕೆಂದು ಷರತ್ತು ಹಾಕಿದ್ದಾನೆ. ಹಸಿರು ಗ್ಲೌಸಿನವಳನ್ನು ಲಾಲ್‌ಸಾಬ್ ಪೂರ್ತಿ ಬಿಟ್ಟಿಲ್ಲ. ಆದರೆ ಈಗ ನೋಡುವಾಗ ‘ಬುಡಕ್ಕೆ ಅಷ್ಟು ನೀರು ಹಾಕ್ಬಾರ್ದು’ ಎಂದು ಗೊಣಗುವುದು ಕಲಿತಿದ್ದಾನೆ.

ಹೋದ ತಿಂಗಳು ನಜೀರಾ ಅವನ ಕೈಗೂ ಒಂದು ಕುರ್ಪಿ ಕೊಟ್ಟಳು. ಹೊಸ ಉತ್ಸಾಹದಲ್ಲಿ ಅವನು ಕಳೆಯನ್ನೆಲ್ಲ ಹಾಗೇ ಬಿಟ್ಟು, ಮೆಂತ್ಯದ ಒಂದು ಸಾಲನ್ನು ಬೇರು ಸಮೇತ ಶುಚಿಯಾಗಿ ಕಿತ್ತು ಒಪ್ಪವಾಗಿ ಜೋಡಿಸಿಟ್ಟ. ಅದನ್ನು ಕಂಡು ನಜೀರಾ ಹೇಳಿದ್ದು ಪಾತಿಯ ನಡುವಿನ ಮೈಕಿನಿಂದ ಫೋನಿಗೆ ಹನ್ನೊಂದು ನಿಮಿಷ ರೆಕಾರ್ಡಾಗಿದೆ. ಗೌಸಿಯಾ ಕಳಿಸಿ ಎಂದು ಎಷ್ಟು ಕೇಳಿದರೂ ಲಾಲ್‌ಸಾಬ್ ಅದನ್ನು ಯಾರಿಗೂ ಕಳಿಸಿಲ್ಲ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅದನ್ನು ಹಚ್ಚಿಕೊಂಡು ಕಣ್ಣು ಮುಚ್ಚುತ್ತಾನೆ.